ಹರಮುಖದ ಕೆಳಗೆ ಒಬ್ಬನೇ ಟೆಂಟ್ ಹಾಕಬಹುದಾ?

ಓದುಗರ ಪ್ರಶ್ನೆ: ನನಗೆ 32 ವರ್ಷ. ಊರು ಹಾಸನ, ಕೆಲಸ ಬೆಂಗಳೂರಿನಲ್ಲಿ. ಕುಮಾರಪರ್ವತ ಆರು ಸಲ ಹತ್ತಿದ್ದೇನೆ. ಕುದುರೆಮುಖ, ತಡಿಯಂಡಮೋಳ್ ಕೂಡ ಆಗಿದೆ. ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಬರುವ ಆಗಸ್ಟ್‌ನಲ್ಲಿ, ಹರಮುಖ ಪರ್ವತದ ಕೆಳಗೆ ಹಾದುಹೋಗುವ ಕಾಶ್ಮೀರ ಗ್ರೇಟ್ ಲೇಕ್ಸ್ ಟ್ರೆಕ್ಕನ್ನು ಒಬ್ಬನೇ, ನನ್ನದೇ ಟೆಂಟ್ ಹೊತ್ತುಕೊಂಡು ಮಾಡಬೇಕೆಂದು ಆಸೆ. ಕಾರಣ ಫೋಟೊಗ್ರಫಿ. ಗುಂಪಿನ ಜೊತೆ ಹೋದರೆ ಒಳ್ಳೆಯ ಬೆಳಕು ಬರುವ ಹೊತ್ತಿಗೇ ಟೆಂಟ್ ಮಡಚಿ ಹೊರಡಬೇಕು. ಕ್ಯಾಮೆರಾ ಸೇರಿ ಬ್ಯಾಗು 21 ಕೆಜಿ ಆಗಿದೆ, ನನ್ನ ತೂಕ 64. ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಚಾರಣಿಗರು ಸತ್ತ ಮೇಲೆ ಹಿಮಾಲಯ ಎಂದರೆ ಸಾಕು, ಅಮ್ಮ ಊಟ ಬಿಡುತ್ತಾರೆ. ಆಫೀಸಿನವರು ಕರ್ಪೂರ ಇಟ್ಟುಕೋ, ಬೆಳ್ಳುಳ್ಳಿ ತಿನ್ನು, ಡಯಾಮಾಕ್ಸ್ ಮಾತ್ರೆಯನ್ನು ಮಾತ್ರ ಮುಟ್ಟಬೇಡ, ಅದು ಎತ್ತರದ ಕಾಯಿಲೆಯನ್ನು ಮುಚ್ಚಿಡುತ್ತದೆ ಅಂತಾರೆ. ಆಕ್ಸಿಮೀಟರ್ ಕೊಂಡಿದ್ದೇನೆ. ಒಬ್ಬನೇ ಹೋಗೋದು ನಿಜಕ್ಕೂ ಅಷ್ಟು ದೊಡ್ಡ ತಪ್ಪಾ?

ಉತ್ತರ: ತಪ್ಪು ಎಂದು ನಾನು ಹೇಳಲ್ಲ. ಒಬ್ಬನೇ ಒಂದು ಕೆರೆಯ ದಂಡೆಯಲ್ಲಿ ಬೆಳಕಿಗೆ ಕಾಯುತ್ತಾ ಕೂರುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹದಿನೇಳು ವರ್ಷದಿಂದ ಹಿಮಾಲಯದಲ್ಲಿ ಟ್ರೆಕ್ ನಡೆಸುತ್ತಿದ್ದೇನೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಫೋಟೊಗ್ರಾಫರ್‌ಗಳ ಜೊತೆಯೇ ನಡೆದಿದ್ದೇನೆ. ಆದರೆ ನಿಮ್ಮ ಪತ್ರದಲ್ಲಿ ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಅಲ್ಲಿ ನನಗೆ ಹುಷಾರು ತಪ್ಪಿದರೆ, ತಪ್ಪಿದೆ ಅಂತ ನನಗೇ ಗೊತ್ತಾಗುತ್ತದಾ? ನನ್ನ ಉತ್ತರ ಪೂರ್ತಿ ನಿಂತಿರುವುದು ಅದರ ಮೇಲೆ.

ಒಂದು ಬೆಳಗಿನ ಕಥೆ ಹೇಳುತ್ತೇನೆ. ಜಾಗ ನೀವು ಹೋಗಬೇಕೆಂದಿರುವ ದಾರಿಯಲ್ಲೇ ಬರುವ ವಿಶನ್‌ಸರ್ ಕೆರೆ, ಸಮುದ್ರ ಮಟ್ಟದಿಂದ ಸುಮಾರು 3,700 ಮೀಟರ್. ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗಿತ್ತು. ತಂಡದ ಒಬ್ಬ ಹುಡುಗ, ಓಟಗಾರ, ಎಲ್ಲರಿಗಿಂತ ಮುಂಚೆ ಎದ್ದು ಟ್ರೈಪಾಡ್ ನಿಲ್ಲಿಸಿದ್ದ. ಕ್ಯಾಮೆರಾ ತಳದ ಪ್ಲೇಟನ್ನು ಟ್ರೈಪಾಡಿನ ತಲೆಗೆ ಕೂರಿಸುತ್ತಿದ್ದ. ಕೂರಲಿಲ್ಲ. ತೆಗೆದ, ಮತ್ತೆ ಒತ್ತಿದ. ಪ್ಲೇಟು ಹಿಂದುಮುಂದಾಗಿತ್ತು. ಏಳೆಂಟು ಸಲ ಅದೇ ತಪ್ಪನ್ನೇ ಮಾಡಿದ, ತಿರುಗಿಸಿ ನೋಡೋಣ ಅಂತ ಅವನಿಗೆ ಹೊಳೆಯಲೇ ಇಲ್ಲ. ಮೂರು ವರ್ಷದಿಂದ ಅವನೇ ಬಳಸುತ್ತಿದ್ದ ಟ್ರೈಪಾಡ್ ಅದು. "ತಲೆ ನೋಯ್ತಿದೆಯಾ?" ಅಂದೆ. "ಏನಿಲ್ಲ ಸರ್, ನಿದ್ದೆ ಸಾಲ್ಲಿಲ್ಲ ಅಷ್ಟೆ" ಅಂದ. ಒಂದು ಗೆರೆಯ ಮೇಲೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿಕೊಂಡು ನಡೆಯಲು ಹೇಳಿದೆ. ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದ. ನಾಲ್ಕನೆಯದಕ್ಕೆ ಕೈ ಊರಿದ.

ಎತ್ತರದಲ್ಲಿ ಆಮ್ಲಜನಕ ಸಾಲದೆ ಮೆದುಳಿಗೆ ಊತ ಶುರುವಾಗಿದೆ ಅನ್ನೋದಕ್ಕೆ ಅದು ಲಕ್ಷಣ. ನಮ್ಮ ಹತ್ತಿರ ಔಷಧಿ ಇತ್ತು, ಕುದುರೆ ಇತ್ತು. ಹತ್ತು ನಿಮಿಷದಲ್ಲಿ ಹೊರಡಿಸಿದೆವು. ಸಂಜೆ ಹೊತ್ತಿಗೆ ಕೆಳಗಿಳಿದು, ರೊಟ್ಟಿ ತಿಂದು, ಬೆಳಗ್ಗೆ ಏನಾಯಿತು ಅಂತ ನಮ್ಮನ್ನೇ ಕೇಳಿದ. ಅವನಿಗೆ ಅರ್ಧ ನೆನಪಿರಲಿಲ್ಲ. ಅವನು ಅಂದು ಒಬ್ಬನೇ ಇದ್ದಿದ್ದರೆ ಏನು ಮಾಡುತ್ತಿದ್ದ? ಅವನನ್ನೇ ಕೇಳಿದೆ. "ಫೋಟೊ ತೆಗೆದು ಸ್ವಲ್ಪ ಮಲಗ್ತಿದ್ದೆ ಸರ್" ಅಂದ. ಹಾಗೆ ಮಲಗಿದವರು ಏಳದೇ ಹೋಗುವುದುಂಟು.

ಕಾಲು ಉಳುಕಿದರೆ ನಿಮಗೆ ಗೊತ್ತಾಗುತ್ತದೆ. ಜ್ವರ ಬಂದರೂ ಗೊತ್ತಾಗುತ್ತದೆ. ಎತ್ತರದ ಕಾಯಿಲೆ ಜೋರಾದಾಗ ಮಾತ್ರ ಅದನ್ನು ಗುರುತಿಸಬೇಕಾದ ಬುದ್ಧಿಯೇ ಮೊದಲು ಮಂಕಾಗುತ್ತದೆ. ಒಂಟಿ ಪ್ರಯಾಣದ ಬಗ್ಗೆ ನನಗಿರುವ ದೊಡ್ಡ ತಕರಾರು ಇದೊಂದೇ. ಮಿಕ್ಕಿದ್ದಕ್ಕೆಲ್ಲ ಏನಾದರೂ ದಾರಿ ಇದೆ.

ಇನ್ನು ನಿಮ್ಮ ತಯಾರಿ. ಓಟ ಬಿಡಬೇಡಿ, ಕಾಲಿಗೆ ಅದು ಬೇಕು. ಆದರೆ ಎತ್ತರಕ್ಕೆ ಅದು ರಕ್ಷಣೆ ಅಲ್ಲ. ಎತ್ತರದ ತೊಂದರೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಕುಮಾರಪರ್ವತ 1,712 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930. ಅಂದರೆ ಕರ್ನಾಟಕದ ಯಾವ ಬೆಟ್ಟ ಹತ್ತಿದರೂ ನಿಮ್ಮ ದೇಹ ಈ ಪರೀಕ್ಷೆಗೆ ಕೂತೇ ಇಲ್ಲ. ಕುಮಾರಪರ್ವತ ಆರಲ್ಲ, ಅರವತ್ತು ಸಲ ಹತ್ತಿದ್ದರೂ ಅಷ್ಟೆ. 3,500 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ದಂಡೆಯಲ್ಲಿ ಸಿಗುವುದರ ಮೂರನೇ ಎರಡು ಪಾಲು ಇರುತ್ತದೆ. 4,200ರ ಹೊತ್ತಿಗೆ ನೂರಕ್ಕೆ ಅರವತ್ತರಷ್ಟು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ಲೆಕ್ಕದಲ್ಲಿ. ಉಸಿರಾಟದ ವೇಗ ಬದಲಾಗಬೇಕು, ಮೂತ್ರಪಿಂಡ ರಕ್ತದ ಆಮ್ಲ ಕ್ಷಾರ ಸರಿ ಮಾಡಬೇಕು. ಇದಕ್ಕೆ ದಿನಗಳೇ ಬೇಕು. ಓಟಗಾರರಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಬದಲಿಗೆ ಅವರು ಬೇಗ ಬೇಗ ಹತ್ತಿ, ದೇಹಕ್ಕೆ ಬೇಕಾದ ಸಮಯ ಕೊಡುವುದಿಲ್ಲ. ನಾನು ಕೆಳಗಿಳಿಸಿದವರಲ್ಲಿ ಗಟ್ಟಿಮುಟ್ಟಾದ ಯುವಕರೇ ಜಾಸ್ತಿ.

ಫೋಟೊಗ್ರಾಫರ್‌ಗಳಿಗೆ ಇನ್ನೂ ಒಂದು ಕಷ್ಟ ಇದೆ. ಎತ್ತರದಲ್ಲಿ ಏನು ಮಾಡಬಾರದೋ ಅದನ್ನೇ ಮಾಡಿಸುವ ಕಸುಬು ಇದು. ರಾತ್ರಿ ಮೂರಕ್ಕೆ ಎದ್ದು ನಕ್ಷತ್ರ ತೆಗೆಯಬೇಕು, ನಿದ್ದೆ ಹೋಯಿತು. ಬೆವರಿದ ಬಟ್ಟೆಯಲ್ಲೇ ಕಣಿವೆಯ ಗಾಳಿಗೆ ಒಂದು ಗಂಟೆ ನಿಲ್ಲಬೇಕು, ಮೈ ಬಿಸಿ ಹೋಯಿತು. ಬೆಳಕು ಬಿಟ್ಟು ಊಟಕ್ಕೆ ಹೇಗೆ ಹೋಗೋದು, ಊಟ ಹೋಯಿತು. ಬೆಳಗ್ಗೆ ಎಂಟಕ್ಕೆ ದಾಟಬೇಕಾದ ಪಾಸನ್ನು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ಸಂದನ್ನು, ಮಧ್ಯಾಹ್ನ ಎರಡಕ್ಕೆ ದಾಟುತ್ತಾರೆ, ಅಷ್ಟು ಹೊತ್ತಿಗೆ ಮೋಡ ಕಟ್ಟಿ ಸಿಡಿಲು ಶುರುವಾಗಿರುತ್ತದೆ. ಬೈಯಲು ಹೇಳುತ್ತಿಲ್ಲ. ನಾನೂ ಇದನ್ನೆಲ್ಲ ಮಾಡಿದವನೇ. ನಿಮ್ಮ ಯೋಜನೆಯಲ್ಲಿ ಇದಕ್ಕೆ ಜಾಗ ಇರಬೇಕು ಅಂತ ಹೇಳುತ್ತಿದ್ದೇನೆ.

ಈಗ ಆಫೀಸಿನವರ ಮಾತಿಗೆ ಬರೋಣ. ಕರ್ಪೂರ ಮೂಸಿದರೆ ಮೂಗಿಗೆ ತಂಪು ಅನಿಸುತ್ತದೆ, ಉಸಿರು ಸಲೀಸಾದಂತೆ ಅನಿಸುತ್ತದೆ. ರಕ್ತದ ಆಮ್ಲಜನಕ ಏರಲ್ಲ. ಬೆಳ್ಳುಳ್ಳಿ ಸಾರು ಬಿಸಿಬಿಸಿ ಕುಡಿದರೆ ಒಳ್ಳೆಯದೇ, ನೀರಾದರೂ ಹೊಟ್ಟೆಗೆ ಹೋಗುತ್ತದೆ. ಔಷಧಿ ಅಂತ ನಂಬಿ ಮೇಲೆ ಹತ್ತಬೇಡಿ. ಡಯಾಮಾಕ್ಸ್ ಕಾಯಿಲೆ ಮುಚ್ಚಿಡುತ್ತದೆ ಅನ್ನೋದು ಸುಳ್ಳು. ಅದರೊಳಗಿರುವ ಅಸೆಟಜೋಲಮೈಡ್ ದೇಹ ಹೊಂದಿಕೊಳ್ಳುವ ಕೆಲಸವನ್ನೇ ಚುರುಕು ಮಾಡುತ್ತದೆ. ತಡೆಯಲು ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ, ಸೋಡಾ ಸಪ್ಪೆಯಾಗಿ ರುಚಿಸುತ್ತದೆ. ಹೆದರಬೇಕಾದದ್ದಲ್ಲ. ಆದರೆ ಸಲ್ಫಾ ಮಾತ್ರೆಗೆ ಅಲರ್ಜಿ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಸಮಸ್ಯೆ. ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಬೆಂಗಳೂರಿನಲ್ಲೇ ಒಂದೆರಡು ದಿನ ತಗೊಂಡು ನೋಡಿ. ಮಾತ್ರೆ ತಗೊಂಡವರಿಗೂ ಕಾಯಿಲೆ ಬರಬಹುದು ಅನ್ನೋದು ನೆನಪಿರಲಿ.

ಆಕ್ಸಿಮೀಟರ್ ಬಗ್ಗೆ ಎಚ್ಚರ. ತಣ್ಣಗಾದ ಬೆರಳಿಗೆ ಹಾಕಿದರೆ ಅದು ಏನೇನೋ ತೋರಿಸುತ್ತದೆ. ಅಂಕಿ ಚೆನ್ನಾಗಿದೆ ಅಂತ ತಲೆನೋವು, ವಾಕರಿಕೆ ಇಟ್ಟುಕೊಂಡು ಹತ್ತುವವರನ್ನು ನೋಡಿದ್ದೇನೆ. ಕಡಿಮೆ ಅಂಕಿ ನೋಡಿ ಗಾಬರಿಯಾಗಿ ಅಳುವವರನ್ನೂ ನೋಡಿದ್ದೇನೆ. ಅದಕ್ಕಿಂತ ನಿಮ್ಮ ಮೈ ಹೇಳುವುದನ್ನು ನಂಬಿ. ತಲೆನೋವಿನ ಜೊತೆ ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇದ್ದರೆ ಅಲ್ಲೇ ನಿಲ್ಲಿ, ಇನ್ನೊಂದು ರಾತ್ರಿ ಅದೇ ಎತ್ತರದಲ್ಲಿ ಮಲಗಿ. ಕಡಿಮೆಯಾಗದಿದ್ದರೆ ಇಳಿಯಿರಿ. ನಡಿಗೆ ವಾಲಿದರೆ, ಮಾತು ತಡವರಿಸಿದರೆ ಕತ್ತಲಾದರೂ ಇಳಿಯಬೇಕು. ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಬಂದರೆ ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ. ಇದು ಹೆಚ್ಚಾಗಿ ಎರಡನೆಯಿಂದ ನಾಲ್ಕನೆಯ ರಾತ್ರಿಯೊಳಗೆ ಬರುತ್ತದೆ. ಆಗಲೂ ಇಳಿಯುವುದೇ ಮದ್ದು, ಅದೂ ಆದಷ್ಟು ಬೇರೆಯವರ ಕಾಲಿನ ಮೇಲೆ. ಮೇಲೆ ಇರುವಷ್ಟು ದಿನ ಕುಡಿತ, ನಿದ್ದೆ ಮಾತ್ರೆ ಎರಡೂ ಬೇಡ.

ಸಹಸ್ರತಾಲ್ ವಿಷಯ. ಅಮ್ಮನ ಭಯವನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಆ ಕೆರೆಗಳಿಂದ ಹಿಂತಿರುಗುವಾಗ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ಹೋದರು. ತಂಡದಲ್ಲಿ ಬಹುತೇಕ ಬೆಂಗಳೂರಿನವರೇ. ನಮ್ಮ ಚಾರಣದ ವಲಯ ಚಿಕ್ಕದು, ಆ ವಾರ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಆ ಘಟನೆ ನೋಡಿ ಕೆಲವರು "ಗುಂಪಲ್ಲಿ ಹೋದವರಿಗೇ ಹೀಗಾಯ್ತು, ಹಾಗಾದರೆ ಒಬ್ಬನೇ ಹೋದರೂ ಒಂದೇ" ಅಂತಾರೆ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ನಾಲ್ಕು ಸಾವಿರ ಮೀಟರಿನ ಮೇಲೆ, ಬಯಲಿನಲ್ಲಿ, ಗಾಳಿ ಮತ್ತು ಹಿಮ ಒಟ್ಟಿಗೆ ಬಂದರೆ ಅನುಭವ ಇದ್ದವರಿಗೂ ಉಳಿಯುವುದು ಕಷ್ಟ. ಬದುಕಿದವರನ್ನು ಕರೆತರಲು ಹೆಲಿಕಾಪ್ಟರ್ ಹಾರಿತು, ಅದಕ್ಕೂ ಮುಂಚೆ ಸುದ್ದಿ ಯಾರೋ ಕೆಳಗೆ ಮುಟ್ಟಿಸಬೇಕಾಯಿತು. ಒಬ್ಬನೇ ಇದ್ದರೆ ಆ ಸುದ್ದಿ ಹೊತ್ತು ಯಾರು ಇಳಿಯುತ್ತಾರೆ?

ಈಗ ನೀವು ಆರಿಸಿರುವ ದಾರಿ ನೋಡೋಣ. ನನ್ನ ಪ್ರಕಾರ ನಿಮ್ಮ ಯೋಜನೆಯ ನಿಜವಾದ ತೊಡಕು ಇರುವುದು ಅಲ್ಲಿ.

ಗ್ರೇಟ್ ಲೇಕ್ಸ್ ದಾರಿ ಸೋನ್‌ಮಾರ್ಗ್‌ನಲ್ಲಿ ಶುರುವಾಗಿ ನಾರಾನಾಗ್‌ನಲ್ಲಿ ಮುಗಿಯುತ್ತದೆ. ಸುಮಾರು 70 ಕಿಲೋಮೀಟರ್, ಆರೇಳು ದಿನ. ನಿಚ್‌ನಾಯ್ ಪಾಸ್ ದಾಟಿದರೆ ವಿಶನ್‌ಸರ್, ಕಿಶನ್‌ಸರ್. ಅಲ್ಲಿಂದ ಈ ದಾರಿಯಲ್ಲೇ ಎತ್ತರದ ಗಡ್‌ಸರ್ ಪಾಸ್, ಸುಮಾರು 4,200 ಮೀಟರ್. ಆಮೇಲೆ ಗಡ್‌ಸರ್, ಸತ್‌ಸರ್, ಮತ್ತೊಂದು ಪಾಸ್, ಕೊನೆಗೆ ಗಂಗಾಬಲ್. ಚೆಂದದಲ್ಲಿ ಇದಕ್ಕೆ ಸಾಟಿಯಾದ ದಾರಿ ನಮ್ಮ ದೇಶದಲ್ಲಿ ನಾನಂತೂ ನಡೆದಿಲ್ಲ. ಆದರೆ ನಕ್ಷೆ ಬಿಡಿಸಿ ವಿಶನ್‌ಸರ್ ಮೇಲೆ ಬೆರಳಿಡಿ. ಹಿಂದಕ್ಕೆ ಹೋಗಬೇಕಾದರೆ ನಿಚ್‌ನಾಯ್, ನಾಲ್ಕು ಸಾವಿರ ಮೀಟರಿಗಿಂತ ಎತ್ತರ. ಮುಂದಕ್ಕೆ ಹೋಗಬೇಕಾದರೆ ಗಡ್‌ಸರ್ ಪಾಸ್, ಇನ್ನೂ ಎತ್ತರ. ಆ ಕೆರೆಯ ನೀರೇ ಮುಂದೆ ಕಿಶನ್‌ಗಂಗಾ ನದಿಯಾಗುತ್ತದೆ, ಅದು ಹರಿಯುವುದು ಗಡಿಯ ಕಡೆಯ ತುಲೈಲ್ ಕಣಿವೆಗೆ. ಆ ದಿಕ್ಕಿನಲ್ಲಿ ಇಳಿದರೆ ಹತ್ತಿರದಲ್ಲಿ ಡಾಕ್ಟರೂ ಇಲ್ಲ, ಬಸ್ಸೂ ಇಲ್ಲ. ಎತ್ತರದ ಕಾಯಿಲೆಗೆ ಇಳಿಯುವುದೇ ಮದ್ದು ಅಂದೆನಲ್ಲ, ಇಲ್ಲಿ ಇಳಿಯಬೇಕಾದರೆ ಮೊದಲು ಹತ್ತಬೇಕು. ಆ ಹುಡುಗನನ್ನು ಕುದುರೆ ಮೇಲೆ ಕೂರಿಸಿ ನಿಚ್‌ನಾಯ್ ಹತ್ತಿಸಿದ ಎರಡು ಗಂಟೆ ನನ್ನ ಬದುಕಿನ ಉದ್ದದ ಎರಡು ಗಂಟೆ.

ಮೊದಲ ದಿನವೂ ಸಲೀಸಲ್ಲ. ಸೋನ್‌ಮಾರ್ಗ್ ಸುಮಾರು 2,700 ಮೀಟರ್, ಮಾಮೂಲಿ ಮೊದಲ ಕ್ಯಾಂಪು 3,500ರ ಆಸುಪಾಸು. ಮೂರು ಸಾವಿರ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನೋದು ಪರ್ವತ ವೈದ್ಯರ ನಿಯಮ. ಬೆಂಗಳೂರಿನಿಂದ ವಿಮಾನದಲ್ಲಿ ಇಳಿದು ಮಾರನೇ ದಿನವೇ 21 ಕೆಜಿ ಹೊತ್ತು ಹೊರಟರೆ ಈ ನಿಯಮ ಮೊದಲ ರಾತ್ರಿಯೇ ಮುರಿಯುತ್ತದೆ. 21 ಕೆಜಿ ನಿಮ್ಮ ತೂಕದ ಮೂರನೇ ಒಂದು ಪಾಲು. 13, 14 ಕೆಜಿ ದಾಟಬೇಡಿ.

ನಿಮ್ಮ ಮುಂದಿರುವ ದಾರಿಗಳನ್ನು ಹೀಗೆ ನೋಡುತ್ತೇನೆ.

ಇಡೀ ಗ್ರೇಟ್ ಲೇಕ್ಸ್ ದಾರಿಯನ್ನು ಪೂರ್ತಿ ಒಬ್ಬರೇ ಮಾಡುವುದು ಬೇಡ ಎನ್ನುತ್ತೇನೆ. ಹಿಮಾಲಯದಲ್ಲಿ ಇದು ನಿಮ್ಮ ಮೊದಲ ನಡಿಗೆ. ನಿಮ್ಮ ದೇಹ ಎತ್ತರಕ್ಕೆ ಹೇಗೆ ನಡೆದುಕೊಳ್ಳುತ್ತದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳುವ ಜಾಗ ಎರಡು ಪಾಸುಗಳ ನಡುವೆ ಇರಬಾರದು.

ಅದೇ ದಾರಿಯನ್ನು ಒಬ್ಬ ಕುದುರೆಯವನ ಜೊತೆ ಮಾಡುವುದು ಇನ್ನೊಂದು. ನನಗೆ ಇದು ಇಷ್ಟ. ಇವರಲ್ಲಿ ಹೆಚ್ಚಿನವರು ಬೇಸಿಗೆಯನ್ನೆಲ್ಲ ಆ ಹುಲ್ಲುಗಾವಲುಗಳಲ್ಲೇ ಕಳೆದು ಬೆಳೆದವರು. ಭಾರ ಕುದುರೆ ಹೊರುತ್ತದೆ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದೆ, ಗುಂಪಿನ ಗಡಿಬಿಡಿ ಇಲ್ಲ. ನೀವು ಕೆರೆ ದಂಡೆಯಲ್ಲಿ ಬೆಳಗ್ಗೆ ಮೂರು ಗಂಟೆ ಕೂತರೂ ಅವರು ದೂರದಲ್ಲಿ ನೂನ್ ಚಾಯ್ (ಕಾಶ್ಮೀರದ ಉಪ್ಪು ಚಹಾ) ಕಾಯಿಸುತ್ತಾ ತಮ್ಮ ಪಾಡಿಗೆ ಇರುತ್ತಾರೆ. ಒಂದು ದಿನ ಜಾಸ್ತಿ ಉಳಿಯಬೇಕಾದರೆ ಕೂಲಿ ಏನು, ಅರ್ಧದಲ್ಲಿ ಹಿಂದಿರುಗಿದರೆ ಏನು, ಇದನ್ನು ಹೊರಡುವ ಮುಂಚೆಯೇ ಬಾಯಿಬಿಟ್ಟು ಮಾತಾಡಿ. ಸೋನ್‌ಮಾರ್ಗ್‌ನಲ್ಲಿ ಎರಡು ರಾತ್ರಿ, ವಿಶನ್‌ಸರ್‌ನಲ್ಲಿ ಎರಡು ರಾತ್ರಿ ಇರಲಿ. ಉಳಿಯುವ ಅಪಾಯ ಅಂದರೆ ನಾನು ಹೇಳಿದ ಆ ಪಾಸುಗಳು. ಅದು ಪೂರ್ತಿ ಹೋಗಲ್ಲ.

ಮೂರನೆಯದು, ನನ್ನ ತಮ್ಮ ಕೇಳಿದ್ದರೆ ಅವನಿಗೆ ಹೇಳುತ್ತಿದ್ದದ್ದು. ಪಾಸುಗಳನ್ನು ಬಿಟ್ಟುಬಿಡಿ. ಕೊನೆಯಿಂದ ಶುರು ಮಾಡಿ. ನಾರಾನಾಗ್‌ನಿಂದ ನೇರ ಗಂಗಾಬಲ್‌ಗೆ ಹತ್ತಿ, ಅದೇ ದಾರಿಯಲ್ಲಿ ಇಳಿಯಿರಿ. ಅಲ್ಲಿ ಅವಳಿ ಕೆರೆಗಳಿವೆ, ಗಂಗಾಬಲ್ ಮತ್ತು ನುಂಡ್‌ಕೋಲ್. ಎತ್ತರ ಸುಮಾರು 3,500 ಮೀಟರ್. ಎರಡರ ಬೆನ್ನಿಗೂ 5,142 ಮೀಟರಿನ ಹರಮುಖ, ಅದರ ಮೈಮೇಲಿಂದ ಇಳಿಬಿದ್ದ ಹಿಮನದಿ. ಏಳು ದಿನದಲ್ಲಿ ಆರು ಕೆರೆ ಓಡುತ್ತಾ ನೋಡುವ ಬದಲು ಒಂದು ಕೆರೆಯ ದಂಡೆಯಲ್ಲಿ ಮೂರು ರಾತ್ರಿ ಇರಿ. ಮೂರು ಬೆಳಗು ಸಿಗುತ್ತವೆ. ಮೊದಲನೆಯದು ಮೋಡ, ಎರಡನೆಯದು ಗಾಳಿ, ಮೂರನೆಯದಕ್ಕೆ ನೀರು ಅಲುಗದೇ ನಿಂತಿರುತ್ತದೆ. ನನ್ನ ಹತ್ತಿರ ಇರುವ ಹರಮುಖದ ಒಂದೇ ಒಂದು ಒಳ್ಳೆಯ ಚಿತ್ರ ಹಾಗೇ ಸಿಕ್ಕಿದ್ದು. ಮುಖ್ಯವಾಗಿ, ತಲೆನೋವು ಬಂದರೆ ಇಲ್ಲಿ ನಿಜವಾಗಿಯೂ ಇಳಿಯಬಹುದು. ಯಾವ ಪಾಸೂ ಅಡ್ಡ ಇಲ್ಲ, ದಾರಿ ನೇರ ಊರಿಗೆ.

ಇದರ ಕೆಡುಕು ಮೊದಲ ದಿನದ ಏರು. ನಾರಾನಾಗ್ 2,100 ಮೀಟರ್ ಅಷ್ಟೆ. ಒಂದೇ ದಿನದಲ್ಲಿ ಕೆರೆ ಮುಟ್ಟುವವರಿದ್ದಾರೆ, ನೀವು ಮುಟ್ಟಬೇಡಿ. ನಾರಾನಾಗ್‌ನಲ್ಲಿ ಒಂದು ರಾತ್ರಿ ಕಳೆಯಿರಿ, ಅಲ್ಲಿನ ಹಳೆಯ ಶಿವ ದೇವಾಲಯಗಳ ಕಲ್ಲುಗಳನ್ನು ಸಂಜೆ ಬೆಳಕಿನಲ್ಲಿ ನೋಡಿ. ಮಾರನೇ ದಿನ ಮರಗಳ ಗೆರೆ ದಾಟುವ ಹೊತ್ತಿಗೆ ನಿಂತು ಮಲಗಿ. ಮೂರನೇ ದಿನ ಕೆರೆ. ಕುದುರೆಯವನು ಇಲ್ಲೂ ಬೇಕು. ಮೇಲೆ ಮುಟ್ಟಿಸಿ ಅವನು ಹಿಂದಿರುಗಿ, ಮೂರು ರಾತ್ರಿ ಕಳೆದ ಮೇಲೆ ಬರುವಂತೆ ಮಾತಾಡಿಕೊಳ್ಳುವವರೂ ಇದ್ದಾರೆ. ಮೊದಲ ಸಲ ಅದು ಬೇಡ, ಜೊತೆಯಲ್ಲೇ ಇರಲಿ. ಮುಂದಿನ ವರ್ಷ ನಿಮ್ಮ ದೇಹದ ಗುಣ ಗೊತ್ತಾದ ಮೇಲೆ ಆ ಮೂರು ರಾತ್ರಿ ನಿಜವಾಗಿಯೂ ಒಬ್ಬರೇ ಇದ್ದು ನೋಡಿ. ಇನ್ನೊಂದು ಮಾತು, ಗಂಗಾಬಲ್ ಕಾಶ್ಮೀರಿ ಪಂಡಿತರಿಗೆ ಯಾತ್ರೆಯ ಜಾಗ, ತೀರಿಕೊಂಡವರ ಅಸ್ಥಿ ಬಿಡುವ ನೀರು. ಅದರಲ್ಲಿ ಸೋಪು ಹಾಕಿ ಪಾತ್ರೆ ತೊಳೆಯಬೇಡಿ.

"ಹಾಗಾದರೆ ಹಿಮಾಚಲದ ಚಂದ್ರತಾಲ್ ಕೆರೆಗೆ ಕಾರಲ್ಲಿ ಹೋಗಿಬಿಡ್ಲಾ?" ಅಂತ ಕೇಳುವವರಿದ್ದಾರೆ. ಸುಲಭ ಅನಿಸುವ ಈ ದಾರಿಯೇ ಎಷ್ಟೋ ಜನಕ್ಕೆ ಕಷ್ಟ ಕೊಡುತ್ತದೆ. ಮನಾಲಿ ಎರಡು ಸಾವಿರ ಮೀಟರ್, ಚಂದ್ರತಾಲ್ 4,250ರ ಸುತ್ತಮುತ್ತ. ಕಾರು ಒಂದೇ ದಿನದಲ್ಲಿ ತಲುಪಿಸುತ್ತದೆ, ದೇಹ ಮನಾಲಿಯಲ್ಲೇ ಇರುತ್ತದೆ.

ಆಗಸ್ಟ್ ಸರಿಯಾದ ಆಯ್ಕೆಯೇ. ಪೀರ್ ಪಂಜಾಲ್ ಸಾಲು ಮಳೆಗಾಲದ ಮೋಡವನ್ನು ತಕ್ಕಮಟ್ಟಿಗೆ ತಡೆಯುವುದರಿಂದ ಉತ್ತರಾಖಂಡ ತೊಯ್ಯುವಾಗಲೂ ಇಲ್ಲಿ ನಡೆಯಬಹುದು. ಮಳೆ ಬರಲ್ಲ ಅಂತಲ್ಲ. ತೊರೆಗಳನ್ನು ಬೆಳಗ್ಗೆಯೇ ದಾಟಿ. ಹಗಲು ಹಿಮ ಕರಗಿ ಮಧ್ಯಾಹ್ನಕ್ಕೆ ಮೊಣಕಾಲ ನೀರು ತೊಡೆಗೆ ಬಂದಿರುತ್ತದೆ. ಹೂವಿಗೆ ಆಗಸ್ಟ್ ಮೊದಲ ಭಾಗ, ತಿಳಿ ಆಕಾಶಕ್ಕೆ ಸೆಪ್ಟೆಂಬರ್ ಮೊದಲ ವಾರ. ಜೀನ್ಸು, ಕಾಟನ್ ಟೀಶರ್ಟು ಮನೆಯಲ್ಲೇ ಇರಲಿ. ಒದ್ದೆಯಾದ ಹತ್ತಿ ಬಟ್ಟೆ ಮೈ ಬಿಸಿಯನ್ನು ಹೀರಿಬಿಡುತ್ತದೆ.

ಬೆಳಗಿನ ಕತ್ತಲಲ್ಲಿ ಕೆರೆ ಸುತ್ತುವಾಗ ಕರಡಿಗಿಂತ ನಾಯಿಯ ಬಗ್ಗೆ ಎಚ್ಚರ. ಅಲೆಮಾರಿ ಕುರಿಗಾಹಿಗಳಾದ ಬಕರ್‌ವಾಲರ ಮಂದೆ ಕಾಯುವ ನಾಯಿಗಳು ಕರುವಿನಷ್ಟು ಇರುತ್ತವೆ. ಅವುಗಳಿಗೆ ಹೆಡ್‌ಟಾರ್ಚ್ ಹಾಕಿಕೊಂಡು ಬರುವವನು ಕಳ್ಳನೇ. ಮಂದೆಯ ನಡುವೆ ಹಾಯಬೇಡಿ, ದೂರದಿಂದ ಕೂಗಿ ಕುರುಬನನ್ನು ಕರೆಯಿರಿ, ಓಡಲೇಬೇಡಿ. ನಿಮ್ಮ ಕುದುರೆಯವನು ಸಾಮಾನ್ಯವಾಗಿ ಆ ನಾಯಿಗಳನ್ನು ಬಲ್ಲವನೇ ಆಗಿರುತ್ತಾನೆ.

ಫೋಟೊಗ್ರಫಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೇ ಇರಲಾಗದು. ಹರಮುಖ ಕೆರೆಗಳಿಗೆ ನೈರುತ್ಯ ದಿಕ್ಕಿನಲ್ಲಿದೆ. ಅಂದರೆ ನಿಮಗೆ ಕಾಣುವ ಮುಖಕ್ಕೆ ಬಿಸಿಲು ಬೀಳುವುದು ಬೆಳಗ್ಗೆ. ಸಂಜೆ ಅದು ಕಪ್ಪು ಗೋಡೆ. ಆಕಾಶಗಂಗೆಯ ನಡುಭಾಗ ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಸುಮಾರು 48 ಡಿಗ್ರಿವರೆಗೆ ಏರುತ್ತದೆ, ಅಲ್ಲಿ 26, 27 ಡಿಗ್ರಿ ಅಷ್ಟೆ. ಎತ್ತರದ ಬೆಟ್ಟ ಎದುರಿಗಿದ್ದರೆ ಅದರ ಹಿಂದೆಯೇ ಮರೆಯಾಗಬಹುದು. ಹಾಗಾಗಿ ಅದಕ್ಕೋಸ್ಕರ ಇಡೀ ರಾತ್ರಿ ನಿದ್ದೆಗೆಡಬೇಡಿ. ಅಮಾವಾಸ್ಯೆ ಹತ್ತಿರದ ಒಂದು ರಾತ್ರಿ, ಊಟ ಆದ ಮೇಲೆ ಒಂಬತ್ತು ಹತ್ತರೊಳಗೆ ತೆಗೆದು ಮಲಗಿ. ಅಷ್ಟು ಎತ್ತರದಲ್ಲಿ ಆಕಾಶ ಆಗಲೇ ಕಡುನೀಲಿ, ಲೆನ್ಸಿನ ಪೋಲರೈಸರ್ ಫಿಲ್ಟರನ್ನು ಪೂರ್ತಿ ತಿರುಗಿಸಿದರೆ ಕಪ್ಪಾಗುತ್ತದೆ. ಬ್ಯಾಟರಿಗಳನ್ನು ರಾತ್ರಿ ಕಾಲ್ಚೀಲದೊಳಗೆ ಹಾಕಿ ಸ್ಲೀಪಿಂಗ್ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಚಳಿಗೆ ಸತ್ತಂತೆ ಕಂಡ ಬ್ಯಾಟರಿ ಕಂಕುಳಲ್ಲಿ ಹತ್ತು ನಿಮಿಷ ಇಟ್ಟರೆ ಮತ್ತೆ ಬದುಕುತ್ತದೆ. ತಣ್ಣಗಿನ ಕ್ಯಾಮೆರಾವನ್ನು ಬೆಚ್ಚಗಿನ ಟೆಂಟಿಗೆ ತರುವ ಮುಂಚೆ ಜಿಪ್ ಕವರಿಗೆ ಹಾಕಿ ಮುಚ್ಚಿ, ಇಲ್ಲದಿದ್ದರೆ ಲೆನ್ಸಿನ ಒಳಗೂ ಮಂಜು ಕೂರುತ್ತದೆ. ಒಂದು ಕ್ಯಾಮೆರಾ, ಒಂದು ವೈಡ್ ಲೆನ್ಸ್, ಒಂದು ಚಿಕ್ಕ ಟೆಲಿ ಲೆನ್ಸ್ ಸಾಕು. ಡ್ರೋನ್ ಬೇಡವೇ ಬೇಡ, ಅದು ಗಡಿಯ ಹತ್ತಿರದ ಪ್ರದೇಶ. ಸೇನೆಯ ಕ್ಯಾಂಪು, ಸೇತುವೆಗಳ ಕಡೆ ಲೆನ್ಸ್ ತಿರುಗಿಸಬೇಡಿ.

ಊಟಕ್ಕೆ ನಮ್ಮ ಅವಲಕ್ಕಿ ಬಹಳ ಒಳ್ಳೆಯದು. 3,500 ಮೀಟರಿನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಅಕ್ಕಿ ಬೇಯಲ್ಲ, ಗ್ಯಾಸ್ ಮುಗಿಯುತ್ತದೆ. ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಶೇಂಗಾ ಚಿಕ್ಕಿ, ಚಟ್ನಿಪುಡಿ ಒಯ್ಯಿರಿ. ಹಸಿವು ಸತ್ತಾಗಲೂ ಖಾರದ ಚಟ್ನಿಪುಡಿ ನಾಲಿಗೆಗೆ ಹಿಡಿಸುತ್ತದೆ. ಗ್ಯಾಸ್ ಕ್ಯಾನನ್ನು ವಿಮಾನದಲ್ಲಿ ಬಿಡಲ್ಲ, ಶ್ರೀನಗರದಲ್ಲೇ ಕೊಳ್ಳಿ. ಪವರ್‌ಬ್ಯಾಂಕು, ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲಿ ಇರಬೇಕು, ಚೆಕ್ಇನ್ ಬ್ಯಾಗಿನಲ್ಲಿ ಅಲ್ಲ.

ಫೋನಿನ ವಿಷಯ ಗಮನವಿಟ್ಟು ಓದಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮೇಲೆ ಹೋದ ಮೇಲೆ ಅದಕ್ಕೂ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಬೇಡಿ. ಗಾರ್ಮಿನ್ ಇನ್‌ರೀಚ್ ತರಹದ ಉಪಗ್ರಹ ಸಾಧನ ತಂದುಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ, ಹಾಗೆ ಸಿಕ್ಕಿಬಿದ್ದವರಿದ್ದಾರೆ. ಆಧಾರ್ ಮೂಲ ಕಾರ್ಡೇ ಜೊತೆಗಿರಲಿ, ದಾರಿಯಲ್ಲಿ ಸೇನೆಯವರು ನೋಡುತ್ತಾರೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಕಾಶ್ಮೀರದ ಹಲವು ತಾಣಗಳನ್ನು ಮುಚ್ಚಿ, ಆಮೇಲೆ ಹಂತ ಹಂತವಾಗಿ ತೆರೆದರು. ಹಾಗಾಗಿ ಟಿಕೆಟ್ ಮಾಡಿಸುವ ಮುಂಚೆ ಆ ದಾರಿ ತೆರೆದಿದೆಯಾ, ಅನುಮತಿ ಏನು ಬೇಕು ಅಂತ ಶ್ರೀನಗರದ ಪ್ರವಾಸೋದ್ಯಮ ಇಲಾಖೆಯನ್ನೂ ಸ್ಥಳೀಯ ಪೊಲೀಸರನ್ನೂ ಕೇಳಿ. ಮುಚ್ಚಿದ್ದರೆ ಅಡ್ಡದಾರಿ ಹುಡುಕಬೇಡಿ. ನಿಮ್ಮ ವಿಮೆ ಎಷ್ಟು ಎತ್ತರದವರೆಗಿನ ಚಾರಣಕ್ಕೆ ಅನ್ವಯಿಸುತ್ತದೆ ಅಂತ ಅದರ ಸಣ್ಣ ಅಕ್ಷರಗಳನ್ನೂ ಓದಿ.

ಕೊನೆಗೆ ಅಮ್ಮ. ಅವರಿಗೆ "ಏನೂ ಆಗಲ್ಲ" ಅಂತ ಹೇಳಬೇಡಿ, ಆ ಮಾತನ್ನು ಯಾವ ತಾಯಿಯೂ ನಂಬಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ: ಯಾವ ದಿನ ಎಲ್ಲಿ ಮಲಗುತ್ತೀರಿ, ಯಾವ ದಿನ ಸಂಜೆ ಎಷ್ಟು ಗಂಟೆಯೊಳಗೆ ನಾರಾನಾಗ್ ಕಡೆಯಿಂದ ಫೋನ್ ಬರಬೇಕು, ಬರದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ಹೇಳಬೇಕು. ಹತ್ತಿರದ ಕಂಗನ್ ಊರಿನ ಪೊಲೀಸ್ ಠಾಣೆಯ ನಂಬರು, ನೀವು ನಾರಾನಾಗ್‌ನಲ್ಲಿ ಉಳಿದುಕೊಳ್ಳುವ ಮನೆಯ ನಂಬರು, ಕುದುರೆಯವನ ಮನೆಯ ನಂಬರು ದೊಡ್ಡ ಅಕ್ಷರದಲ್ಲಿ ಇರಲಿ. ಒಂದು ಪ್ರತಿ ಅಮ್ಮನಿಗೆ, ಇನ್ನೊಂದು ಧೈರ್ಯವಾಗಿ ಫೋನ್ ಮಾಡಿ ವಿಚಾರಿಸಬಲ್ಲ ಒಬ್ಬ ಗೆಳೆಯನಿಗೆ. ಹೊರಡುವ ಹಿಂದಿನ ವಾರ ಹಾಸನಕ್ಕೆ ಹೋಗಿ, ಅಮ್ಮನ ಪಕ್ಕ ಕೂತು ಆ ಕುದುರೆಯವನಿಗೆ ಒಮ್ಮೆ ಫೋನ್ ಮಾಡಿ. ಫೋನನ್ನು ಅಮ್ಮನ ಕೈಗೆ ಕೊಡಿ. ಭಾಷೆ ಬರದಿದ್ದರೂ ಪರವಾಗಿಲ್ಲ, ಮಧ್ಯೆ ನೀವು ಹಿಂದಿಯಲ್ಲಿ ಹೇಳಿ. ಅವರು ಏನು ಕೇಳಬೇಕೋ ಅವರೇ ಕೇಳಲಿ.